ಗುಟುಕ ಉಸಿರು ಬಿಟ್ಟ ದಿನ

ಲೋಕ ಆಗಷ್ಟೇ ಹುಟ್ಟಿತ್ತು ಕಣೇ ಪಾವನಿ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಯಾವ ಕಡೆ ಹರಿಯಬೇಕು ಅನ್ನೋದೇ ಹೊಳೆಗೆ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲವೂ ಹೊಸದು. ಉಸಿರೂ ಹೊಸದು!

ನಗಬೇಡ. ಹೊಸ ಉಸಿರು ಅಂದರೆ ತಮಾಷೆಯಲ್ಲ. ಜಿಂಕೆಮರಿ ನಾಲ್ಕು ಹೆಜ್ಜೆ ಓಡಿ, ಉಸಿರಾಡೋದು ಮರೆತು, ದೊಪ್ಪೆಂದು ಬೀಳುತ್ತಿತ್ತು. ನಾಯಿಮರಿ ಹತ್ತು ಉಸಿರು ಒಟ್ಟಿಗೇ ಎಳೆದುಕೊಂಡು ಬಿಕ್ಕಳಿಸುತ್ತಿತ್ತು. ಗಾಳಿಗಂತೂ ಸಾಕುಸಾಕಾಗಿತ್ತು. "ಒಬ್ಬನ ಮೂಗಿಗೆ ಹೋಗಿ ಬರೋಷ್ಟರಲ್ಲಿ ಇನ್ನೊಬ್ಬ ಎಳೀತಾನೆ. ಈ ಮಕ್ಕಳಿಗೆ ಯಾರಾದರೂ ಒಂದು ಕ್ರಮ ಕಲಿಸಬಾರದಾ?" ಅಂತ ಗೊಣಗುತ್ತಿತ್ತು.

ಕ್ರಮವಾಗಿ ಉಸಿರಾಡುತ್ತಿದ್ದವಳು ಆಮೆಜ್ಜಿ ಒಬ್ಬಳೇ. ಹೊಳೆದಂಡೆಯ ಬಂಡೆ ಮೇಲೆ ಕೂತು ನಿಧಾನವಾಗಿ ತಗೊಳ್ಳುತ್ತಿದ್ದಳು, ನಿಧಾನವಾಗಿ ಬಿಡುತ್ತಿದ್ದಳು. ಅದಕ್ಕೇ ತಾಯಂದಿರೆಲ್ಲ ಬೆಳಿಗ್ಗೆ ಬೆಳಿಗ್ಗೆ ಮಕ್ಕಳನ್ನು ತಂದು ಅವಳ ಮುಂದೆ ಕೂರಿಸಿ, "ಇವಕ್ಕೆ ಒಂದಿಷ್ಟು ಯೋಗ ಕಲಿಸಜ್ಜಿ" ಅಂತ ಹೇಳಿ ಹೋಗುತ್ತಿದ್ದರು.

ಸಣ್ಣ ಮಕ್ಕಳಿಗೆ ಯೋಗ ಕಲಿಸೋದು ಅಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ನಿನಗೆ ಕಲಿಸಿ ಕಲಿಸಿ ನನಗೆ ಗೊತ್ತಿಲ್ಲವಾ? ನಾಯಿಮರಿ ಬಗ್ಗಿದ ಕೂಡಲೇ ತನ್ನ ಬಾಲ ಕಾಣಿಸಿತು ಅಂತ ಅದರ ಹಿಂದೆ ಸುತ್ತುತ್ತಿತ್ತು. ಕೊಕ್ಕರೆಮರಿ ಒಂದು ಕಾಲೆತ್ತಿ ಬೆಕ್ಕಿನಮರಿಯ ಮೇಲೆ ಬೀಳುತ್ತಿತ್ತು. ಬೆಕ್ಕಿನಮರಿಯೋ, ಒಂದು ಸಲ ಮೈಮುರಿದು, ಯೋಗ ಮುಗಿಯಿತು ಅಂತ ಮಲಗಿಬಿಡುತ್ತಿತ್ತು.

ಹೇಳಿದ ಮಾತು ಕೇಳುತ್ತಿದ್ದವನು ಗುಟುಕ ಒಬ್ಬನೇ. ಗುಟುಕ ಅಂದರೆ ಕಪ್ಪೆಯಮ್ಮನ ಮಗ. ಕೈ ಎತ್ತು ಅಂದರೆ ಎತ್ತುವನು, ಇಳಿಸು ಅಂದರೆ ಇಳಿಸುವನು. ಇಳಿಸು ಅನ್ನೋದು ಮರೆತರೆ ಎತ್ತಿಕೊಂಡೇ ಇರುವನು. ಅವನಮ್ಮ ಮೊದಲ ದಿನವೇ ಹೇಳಿದ್ದಳು: "ಅಜ್ಜಿ ಮಾತು ಮೀರಬೇಡ ಮಗಾ. ಅವರು ಹೇಳದೆ ಏನೂ ಮಾಡಬೇಡ."

ಒಂದು ದಿನ ಆಮೆಜ್ಜಿ, "ಇವತ್ತು ಉಸಿರು ಹಿಡಿಯೋ ಪಾಠ" ಅಂದಳು. "ಎಲ್ಲರೂ ನೆಟ್ಟಗೆ ಕೂತ್ಕೊಳ್ಳಿ. ಉಸಿರು ತಗೊಳ್ಳಿ. ಹಿಡೀರಿ. ನಾನು ಬಿಡಿ ಅನ್ನೋವರೆಗೂ ಯಾರೂ ಬಿಡಕೂಡದು!"

ಎಲ್ಲರೂ ತಗೊಂಡರು, ಎಲ್ಲರೂ ಹಿಡಿದರು. ಆಮೆಜ್ಜಿಯೂ ಹಿಡಿದು, ಮನಸ್ಸು ಆಚೀಚೆ ಹೋಗದಿರಲಿ ಅಂತ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ಬೆನ್ನ ಮೇಲೆ ಎಳೆಬಿಸಿಲು, ಒಳಗೆ ಹದವಾದ ಕತ್ತಲು. ವಯಸ್ಸಾದವರ ಪಾಡು ನಿನಗೇನು ಗೊತ್ತು! ಅಜ್ಜಿಗೆ ಗಡದ್ದು ನಿದ್ದೆ ಬಂದುಬಿಟ್ಟಿತು.

ಬೆಕ್ಕಿನಮರಿ ಮೊದಲು ಬಿಟ್ಟಿತು. ಕಣ್ಣು ಮುಚ್ಚಿ ಹಾಲು ಕುಡಿಯೋ ಜಾತಿ ಅದು, ಯಾರಿಗೂ ಕಾಣಲಿಲ್ಲ ಅಂದುಕೊಂಡಿತು. ಆಮೇಲೆ ನಾಯಿಮರಿ ಬಿಟ್ಟಿತು, ಜಿಂಕೆಮರಿ ಬಿಟ್ಟಿತು, ಕೊಕ್ಕರೆಮರಿ ಬಿಟ್ಟಿತು. ಗುಟುಕ ಮಾತ್ರ ಬಿಡಲಿಲ್ಲ.

ಅವನ ಗಂಟಲು ಎಣ್ಣೆಗೆ ಹಾಕಿದ ಪೂರಿಯ ಹಾಗೆ ಉಬ್ಬಿತು. ಕಣ್ಣು ಗುಡ್ಡೆಗಳು ಹೊರಗೆ ಬಂದವು. "ಬಿಡೋ ಗುಟುಕಾ!" ಅಂತ ನಾಯಿಮರಿ ಬೊಗಳಿತು. ಗುಟುಕ ತಲೆ ಅಲ್ಲಾಡಿಸಿದ. ಕೈಯಿಂದ ಆಮೆಜ್ಜಿಯ ಚಿಪ್ಪು ತೋರಿಸಿದ. ಅಜ್ಜಿ ಇನ್ನೂ ಹೇಳಿಲ್ಲವಲ್ಲ!

ಕೊಕ್ಕರೆಮರಿ ಓಡಿಹೋಗಿ ಕಪ್ಪೆಯಮ್ಮನನ್ನು ಕರೆತಂದಿತು. ಮಗನನ್ನು ನೋಡಿದ್ದೇ ಅವಳು ಕೂಗಿಕೊಂಡಳು. "ಅಯ್ಯೋ ನನ್ನಪ್ಪಾ, ಬಿಡೋ! ನಾನು ನಿನ್ನಮ್ಮ ಹೇಳ್ತಿದ್ದೀನಿ, ಬಿಡು!"

ಗುಟುಕನ ಕಣ್ಣಲ್ಲಿ ನೀರು ಬಂತು. ಅವನಿಗೂ ಸಾಕಾಗಿತ್ತು. ಆದರೂ ಮತ್ತೆ ಚಿಪ್ಪಿನ ಕಡೆಗೇ ಕೈ ತೋರಿಸಿದ. ತಾನೇ ಹೇಳಿಕೊಟ್ಟ ಮಾತು ಕಪ್ಪೆಯಮ್ಮನಿಗೆ ನೆನಪಾಯಿತು.

ಅವಳು ಚಿಪ್ಪನ್ನು ದಬದಬ ಬಡಿದಳು. "ಅಜ್ಜೀ! ನನ್ನ ಮಗ ಒಡೆದು ಹೋಗ್ತಾನೆ, ಏಳಜ್ಜೀ!" ಅಜ್ಜಿ ಏಳಲಿಲ್ಲ. ಗಾಳಿ ಚಿಪ್ಪಿನೊಳಗೆ ನುಗ್ಗಿ ಊದಿತು. ಒಳಗೆ ತಂಪಾಗಿ ಅಜ್ಜಿಯ ನಿದ್ದೆ ಇನ್ನೂ ಗಟ್ಟಿಯಾಯಿತು.

"ನೀನಾದರೂ ಎಬ್ಬಿಸೇ ತಾಯಿ" ಅಂತ ಕಪ್ಪೆಯಮ್ಮ ಹೊಳೆಗೆ ಕೈಮುಗಿದಳು.

"ಬಂಡೆ ಎತ್ತರ ಇದೆಯಲ್ಲೇ" ಅಂದಿತು ಹೊಳೆ. "ಇನ್ನೊಂದು ಮೊಳ ನೀರು ಸಿಕ್ಕರೆ ಹತ್ತೇನು."

ಗಾಳಿ ಅಷ್ಟು ಕೇಳಿದ್ದೇ ತಡ, ಬೆಟ್ಟದ ಕಡೆ ಹಾರಿತು. ಅಲ್ಲಿ ತೇಲುತ್ತಿದ್ದ ಮೋಡವನ್ನು ತಳ್ಳಿಕೊಂಡು ಬಂತು. "ನಾನಿನ್ನೂ ತುಂಬಿಲ್ಲ ಕಣೋ" ಅಂದಿತು ಮೋಡ. "ಇದ್ದಷ್ಟು ಸುರಿಯಮ್ಮ! ಆ ಮಗುವಿನ ಹೊಟ್ಟೆಯೊಳಗೆ ಸಿಕ್ಕಿಕೊಂಡಿರೋದು ನನ್ನದೇ ತುಂಡು!" ಅಂದಿತು ಗಾಳಿ.

ಮೋಡ ಸುರಿಯಿತು. ದಬದಬ ಸುರಿಯಿತು. ಹೊಳೆ ಏರಿತು, ಬಂಡೆ ಹತ್ತಿತು, ಆಮೆಜ್ಜಿಯನ್ನು ಎತ್ತಿ ಅಂಗಾತ ಮಗುಚಿ ಚಿಪ್ಪಿನೊಳಗೆ ತಣ್ಣೀರು ತುಂಬಿತು.

"ಅಯ್ಯಯ್ಯೋ! ಯಾರದು ನನ್ನ ಮಗುಚಿದ್ದು?" ಆಮೆಜ್ಜಿ ನಾಲ್ಕೂ ಕಾಲು ಬಡಿಯುತ್ತಾ ಕಿರುಚಿದಳು. "ಬಿಡಿ! ಬಿಡಿ ನನ್ನ! ಬಿಡಿ ಅಂದ್ರೆ ಬಿಡಿ!"

ಗುಟುಕ ಬಿಟ್ಟ.

ವಟರ್ರ್ರ್!

ಅಂಥ ಕೆಟ್ಟ ಸದ್ದನ್ನು ಲೋಕದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಬೆಕ್ಕಿನಮರಿ ಕಿವಿ ಮುಚ್ಚಿಕೊಂಡಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಕಪ್ಪೆಯಮ್ಮನಿಗೆ ಮಾತ್ರ ಹೋದ ಜೀವ ಬಂದ ಹಾಗಾಯಿತು. ಮಗನನ್ನು ತಬ್ಬಿಕೊಂಡು, "ಇನ್ನೊಂದು ಸಲ ಬಿಡು ಮಗಾ, ಇನ್ನೊಂದು ಸಲ" ಅಂದಳು. ಅವನು ಬಿಟ್ಟ. ಅವಳು ಅತ್ತಳು, ನಕ್ಕಳು, ಮತ್ತೆ ಅತ್ತಳು. ಗಾಳಿ ಉಸ್ಸಪ್ಪಾ ಅಂತ ಹುಲ್ಲಿನ ಮೇಲೆ ಒರಗಿತು. ಮಕ್ಕಳೆಲ್ಲ ಕೆಸರಲ್ಲಿ ಉರುಳಾಡಿದರು.

ಆಮೆಜ್ಜಿಯನ್ನು ಎಲ್ಲರೂ ಸೇರಿ ನೆಟ್ಟಗೆ ಮಾಡಿದರು. ಏನಾಯಿತು ಅಂತ ಕೇಳಿ ಅವಳ ಮುಖ ಚಿಕ್ಕದಾಯಿತು. ಗುಟುಕನ ಹತ್ತಿರ ತೆವಳಿ ಬಂದು, "ತಪ್ಪಾಯ್ತು ಕಂದಾ" ಅಂದಳು. "ಹಿಡಿ ಅಂದಿದ್ದು ನಾನು, ಸರಿ. ಆದರೆ ಸಾಕು ಅನ್ನಿಸಿದಾಗ ಬಿಡೋಕೆ ನನ್ನ ಅಪ್ಪಣೆ ಬೇಡ, ಯಾರ ಅಪ್ಪಣೆಯೂ ಬೇಡ. ಉಸಿರು ನಿನ್ನದು."

ಗುಟುಕನ ಗಂಟಲ ಚರ್ಮ ಹಿಗ್ಗಿ ಜೋಲಾಗಿ ಹೋಗಿತ್ತು. ಅದು ಮೊದಲಿನಂತೆ ಆಗಲೇ ಇಲ್ಲ, ಕಣ್ಣು ಗುಡ್ಡೆಯೂ ಒಳಗೆ ಹೋಗಲಿಲ್ಲ. "ಹೋಗಲಿ ಬಿಡು, ಮಗ ಉಳಿದನಲ್ಲ" ಅಂದಳು ಕಪ್ಪೆಯಮ್ಮ. ಆದರೂ ತಾಯಿಯ ಜೀವ. ಮೋಡ ಕವಿದ ಕೂಡಲೇ ಅವಳಿಗೆ ಆ ದಿನ ನೆನಪಾಗಿ ಭಯವಾಗುತ್ತಿತ್ತು. ಎಲ್ಲಿದ್ದರೂ, "ಉಸಿರು ಬಿಟ್ಟೆಯೇನೋ ಗುಟುಕಾ?" ಅಂತ ಕೂಗುತ್ತಿದ್ದಳು. ಅವನು ಎಲ್ಲಿದ್ದರೂ ಓಗೊಡುತ್ತಿದ್ದ.

ಅದಕ್ಕೇ ನೋಡು, ಇವತ್ತಿಗೂ ಮಳೆ ಬಿದ್ದು ಹೊಂಡ ತುಂಬಿದ ಕೂಡಲೇ ಕಪ್ಪೆಗಳು ಗಂಟಲು ಉಬ್ಬಿಸಿಕೊಂಡು ಒಂದೇ ಸಮನೆ ವಟರ್ ವಟರ್ ಅನ್ನೋದು. ಕಿವಿಗೊಟ್ಟು ಕೇಳು, "ಬಿಟ್ಟೆ, ಬಿಟ್ಟೆ, ಬಿಟ್ಟೆನಮ್ಮಾ" ಅಂತಲೇ ಕೇಳಿಸುತ್ತೆ.