ತಲೆಯಾಡಿಸುವ ಸಾಕ್ಷಿ

ಯಾರು ಏನೇ ಹೇಳಿದರೂ ತಲೆಯಾಡಿಸುವುದು ಓತಿಕ್ಯಾತನ ಅಭ್ಯಾಸ. ಬಸುರಿ ಅಳಿಲು ಗೀಜಗನಿಗೆ ಗೂಡು ಕಟ್ಟುವ ಕೆಲಸ ಒಪ್ಪಿಸಿದಾಗ ಈ ಓತಿಕ್ಯಾತನನ್ನೇ ಸಾಕ್ಷಿಗೆ ಕೂರಿಸಿಕೊಂಡಿದ್ದಳು.

ಗೂಡೇನೋ ಮುಗಿಯಿತು. ಬಾಗಿಲು ಮಾತ್ರ ನೆಲ ನೋಡುತ್ತಿತ್ತು.

“ಮರಿಗಳು ಬಿದ್ದುಹೋಗುತ್ತವಲ್ಲಯ್ಯಾ! ಬಾಗಿಲು ಪಕ್ಕಕ್ಕಿರಲಿ ಅಂದಿರಲಿಲ್ಲವೇ?” ಎಂದಳು ಅಳಿಲು.

ಓತಿಕ್ಯಾತ ತಲೆಯಾಡಿಸಿದ.

“ಗೂಡು ಬೇಕು ಅಂದಿರಿ, ಕಟ್ಟಿದೆ. ಬಾಗಿಲಿನ ಮಾತೇ ಬರಲಿಲ್ಲವಲ್ಲ ತಾಯಿ,” ಎಂದ ಗೀಜಗ.

ಓತಿಕ್ಯಾತ ಅದಕ್ಕೂ ತಲೆಯಾಡಿಸಿದ.

“ನೋಡಿ, ನಿಮ್ಮ ಸಾಕ್ಷಿಯೇ ಒಪ್ಪಿದ!” ಗೀಜಗ ಮುಂದಿನ ಮರದ ಕೆಲಸಕ್ಕೆ ರೆಕ್ಕೆ ಬಿಚ್ಚಿದ.

ಅಳಿಲಿಗೆ ಆಗಲೇ ನೋವು ಶುರುವಾಗಿತ್ತು. ಹೊಟ್ಟೆ ಹಿಡಿದುಕೊಂಡೇ ಓತಿಕ್ಯಾತನ ಮುಂದೆ ಕೂತಳು.

“ಅಣ್ಣಾ, ಅವನು ಹಾರುವ ಮುಂಚೆ ಒಂದು ಸಲ ಬಾಯಿಬಿಟ್ಟು ಹೇಳು. ಅವತ್ತು ನಾನು ಬಾಗಿಲು ಎಲ್ಲಿರಬೇಕು ಅಂದಿದ್ದೆ?”