ಒಂದು ಗ್ಲಾಸಿನ ಭಾರ

ಎರಡು ಎಕರೆ ನೀಲಿ ದ್ರಾಕ್ಷಿ, ಬಳ್ಳಿಯ ಮೇಲಿದ್ದಂತೆಯೇ ಪೂರ್ತಿ ಫಸಲು, ಬೆಲೆ ನಾಲ್ಕು ಸಾವಿರ ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ತೋಟ ಚೌರಪ್ಪನದು, ಕೊಳ್ಳುವವರು ಪೇಟೆಯ ಸಾಹುಕಾರ್ ಮುನಿಯಲ್ಲಪ್ಪನವರು, ನಡುವೆ ನಿಂತು ವ್ಯಾಪಾರ ಕುದುರಿಸಿದವನು ಚೌರಪ್ಪನ ಹೆಂಡತಿಯ ಅಣ್ಣ ಇನ್ನಾಸಪ್ಪ. ಮಾತೆಲ್ಲ ಮುಗಿದಿತ್ತು. ಅಡ್ಡ ಬಂದದ್ದು ಒಂದು ಗ್ಲಾಸು.

ಅನ್ನಮ್ಮನಪಾಳ್ಯದ ಸೀಮೆಯಲ್ಲಿ ದ್ರಾಕ್ಷಿ ವ್ಯಾಪಾರಕ್ಕೆ ಕಾಗದಪತ್ರ ಇರಲಿಲ್ಲ. ತೋಟದ ಯಜಮಾನ, ಕೊಳ್ಳುವವ, ದಲ್ಲಾಳಿ ಮೂವರೂ ಚಪ್ಪರದ ಕೆಳಗೆ ಕೂತು ಒಂದೇ ಬಾಟಲಿಯಿಂದ ಒಂದೊಂದು ಗ್ಲಾಸು ಕುಡಿದರೆ ಮಾತು ಗಟ್ಟಿ. ಗ್ಲಾಸು ಮುಟ್ಟದವನು ಒಳಗೊಳಗೇ ಬೇರೆಯವರಿಗೆ ಮಾತು ಕೊಟ್ಟಿದ್ದಾನೆಂದೇ ಅರ್ಥ. ಚೌರಪ್ಪನೋ ಹಿಂದಿನ ತಪಸ್ಸುಕಾಲದಲ್ಲಿ, ಕ್ರೈಸ್ತರ ನಲವತ್ತು ದಿನಗಳ ಉಪವಾಸದ ಹೊತ್ತಿನಲ್ಲಿ, ದೇವಾಲಯದ ಪೀಠದ ಮುಂದೆ ಮಂಡಿಯೂರಿ ಹರಕೆ ಹೊತ್ತು ಕುಡಿತ ಬಿಟ್ಟಿದ್ದ. ಅದಕ್ಕೆ ಮುಂಚೆ ಅವನು ಬೀದಿಯಲ್ಲಿ ಬಿದ್ದಾಗಲೆಲ್ಲ ಹೆಗಲ ಮೇಲೆ ಹೊತ್ತು ತಂದವನು ಇನ್ನಾಸಪ್ಪನೇ.

"ಒಂದೇ ಒಂದು ಗ್ಲಾಸಪ್ಪ. ಔಷಧಿ ಅಂದ್ಕೊಂಡು ಕುಡಿದುಬಿಡು," ಎಂದ ಇನ್ನಾಸಪ್ಪ.

"ನೀವು ಹೇಳಿದ್ರೆ ಕುಡೀತೀನಿ ಭಾವ. ಆದ್ರೆ ಅದು ಒಂದಕ್ಕೆ ನಿಲ್ಲಲ್ಲ. ನನಗೆ ಗೊತ್ತು," ಎಂದು ಚೌರಪ್ಪ ನೆಲ ನೋಡಿದ.

ಒಳಗಿಂದ ಇನ್ನಾಸಪ್ಪನ ತಂಗಿ, ಚೌರಪ್ಪನ ಹೆಂಡತಿ ಲೂರ್ದಮ್ಮನ ದನಿ ಬಂತು: "ಅಣ್ಣಾ, ಗ್ಲಾಸು ಲೆಕ್ಕಕ್ಕೆ ಬೇಕಾದ್ರೆ ಅವರ ಪಾಲಿಂದೂ ನೀನೇ ಕುಡಿ. ನಿನಗೇನು, ಹೊಟ್ಟೆಯಲ್ಲಿ ಜಾಗಕ್ಕೆ ಬರವೇ?"

ಇನ್ನಾಸಪ್ಪ ದಿನಾ ಸಂಜೆ ಒಂದು ಗ್ಲಾಸು ಕುಡಿದು ಮಗುಚಿಡುವವನು. ಎರಡನೆಯದಕ್ಕೆ ಕೈ ಚಾಚಿದವನಲ್ಲ. ತನಗೆ ಸಲ್ಲುವುದು ಚೌರಪ್ಪನಿಗೂ ಸಲ್ಲಬೇಕು, ತಕ್ಕಡಿ ಆಳು ನೋಡಿ ತೂಗುತ್ತದೆಯೇ ಎಂಬುದು ಅವನ ವಾದ. ಹರಕೆಯ ಭಯ ಬಿಡಿಸಲು ದೊಡ್ಡವರ ಬಾಯಿಂದ ಒಂದು ಮಾತು ಸಾಕು ಎಂದುಕೊಂಡು ದೇವಾಲಯದ ಗುರುಗಳಾದ ಪೂಜ್ಯ ದಯಾನಾಥ ಸ್ವಾಮಿಗಳ ಬಳಿಗೆ ಹೊರಟ.

ಸ್ವಾಮಿಗಳು ದೇವಾಲಯದ ಹಿಂದಿನ ಹಂಚಿನ ಕೊಟ್ಟಿಗೆಯಲ್ಲಿದ್ದರು. ಊರವರು ಒಪ್ಪಿಸಿದ ಮೊದಲ ಗೊಂಚಲುಗಳನ್ನು ಹಿಂಡಿ, ಹುಳಿ ಬರಲು ಬಿಟ್ಟು, ಭಾನುವಾರದ ಬಲಿಪೂಜೆಯಲ್ಲಿ ಅರ್ಪಿಸುವ ದ್ರಾಕ್ಷಾರಸವನ್ನು ಪ್ರತಿ ವರ್ಷ ಅವರೇ ಸಿದ್ಧಪಡಿಸುತ್ತಿದ್ದರು. ಎಪ್ಪತ್ತು ದಾಟಿದ ದೇಹ. ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೊಂಟಕ್ಕೆ ಟವೆಲು ಬಿಗಿದು, ಬಿಳಿ ಬಟ್ಟೆಯಲ್ಲಿ ರಸ ಸೋಸುತ್ತಿದ್ದರು. ಮೊಣಕೈವರೆಗೂ ನೇರಳೆ ಬಣ್ಣ.

ಇದನ್ನು ಕಂಡು ಇನ್ನಾಸಪ್ಪನಿಗೆ ಅರ್ಧ ಗೆದ್ದಂತಾಯಿತು.

"ಸ್ವಾಮಿ, ಕ್ರೈಸ್ತನಾದವನು ಮನಸ್ಸಾಕ್ಷಿಗೆ ಅಂಜದೆ ಕುಡಿಯಬಹುದೋ, ಬಾರದೋ? ತಾವು ಒಂದೇ ಮಾತು ಹೇಳಿಬಿಡಿ."

"ಕುಡಿಯಬಹುದು."

"ಪಾಪವಲ್ಲ?"

"ದ್ರಾಕ್ಷಾರಸವೇ ಪಾಪವಾಗಿದ್ದರೆ ಕಾನಾ ಊರಿನ ಮದುವೆಯಲ್ಲಿ ಪ್ರಭು ನೀರನ್ನು ದ್ರಾಕ್ಷಾರಸ ಮಾಡದೆ ನೀರಾಗಿಯೇ ಬಿಡುತ್ತಿದ್ದರು. ಅಮಲೇರುವಷ್ಟು ಕುಡಿಯುವುದು ಪಾಪ."

"ಹಾಗಾದರೆ ಈ ಮಾತನ್ನು ಚೌರಪ್ಪನಿಗೂ ಹೇಳಬೇಕು ಸ್ವಾಮಿ," ಎಂದು ಇನ್ನಾಸಪ್ಪ ವ್ಯವಹಾರವನ್ನೆಲ್ಲ ಬಿಚ್ಚಿಟ್ಟ.

ಸ್ವಾಮಿಗಳು ಸೋಸುವುದನ್ನು ಮುಗಿಸಿದರು. ತುಂಬಿದ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಅದನ್ನು ಎದೆಗೆ ಅವುಚಿಕೊಂಡು, ಗೋಡೆ ಹಿಡಿದು ಹಿಡಿದು ಉಗ್ರಾಣದ ಮೆಟ್ಟಿಲಿಳಿದರು. ಹಿಂದಿರುಗಿದಾಗ ಏದುಸಿರು ಬಿಡುತ್ತಿದ್ದರು.

"ಇದೇನು ಸ್ವಾಮಿ! ಭರಣಿ ಹೊರುವುದು ಪ್ರತಿ ವರ್ಷ ಚೌರಪ್ಪನ ಕೆಲಸವಲ್ಲವೇ? ಈ ಸಲ ಕರೆಯಲಿಲ್ಲವೇ?"

"ಕರೆಯಲಿಲ್ಲ. ಈ ವಾಸನೆ ಅವನ ಮೂಗಿಗೆ ತಾಗುವುದು ಬೇಡ."

"ಬೇರೆ ಯಾರನ್ನಾದರೂ…"

"ಬೇರೆಯವರನ್ನು ಕರೆದರೆ, ಚೌರಪ್ಪನನ್ನು ಯಾಕೆ ಬಿಟ್ಟರು ಎಂದು ಊರು ಆಡಿಕೊಳ್ಳುತ್ತದೆ."

ಕೊನೆಯ ಭರಣಿಯ ಮೇಲೆ ಕೈಯೂರಿ ನಿಂತು, ಸ್ವಾಮಿಗಳು ಮೊದಲ ಬಾರಿಗೆ ಅವನ ಮುಖ ನೋಡಿದರು.

"ಅವನಿಗಾಗಿ ನಾನು ಇಷ್ಟು ಭರಣಿ ಹೊತ್ತೆ ಇನ್ನಾಸಪ್ಪ. ನಿನಗೆ ಒಂದು ಗ್ಲಾಸು ಬಿಡುವುದು ಭಾರವೇ?"

ಇನ್ನಾಸಪ್ಪ ಕುಡಿಯಬಹುದೋ ಬಾರದೋ ಎಂದು ಕೇಳಲು ಬಂದಿದ್ದ. ಯಾರ ಎದುರಿಗೆ ಎಂದು ಕೇಳಲು ಅವನಿಗೆ ತೋಚಿರಲೇ ಇಲ್ಲ. ಚಪ್ಪಲಿ ಕಳಚಿಟ್ಟು, ಕೊನೆಯ ಭರಣಿಯನ್ನು ತಾನೇ ಎತ್ತಿಕೊಂಡು ಮೆಟ್ಟಿಲಿಳಿದ.

ಮಾರನೆಯ ದಿನ ಚಪ್ಪರದ ಕೆಳಗೆ ಮುನಿಯಲ್ಲಪ್ಪನವರು ಬಾಟಲಿ ತೆಗೆದರು. ಇನ್ನಾಸಪ್ಪ ಚೌರಪ್ಪನ ಗ್ಲಾಸನ್ನು ಮಗುಚಿಟ್ಟ. ಅದರ ಪಕ್ಕಕ್ಕೆ ತನ್ನದನ್ನೂ ಮಗುಚಿಟ್ಟ.

"ಏನಯ್ಯಾ ಇದು? ಭಾವ ಭಾವಮೈದ ಸೇರಿ ಇನ್ಯಾರಿಗೆ ಮಾತು ಕೊಟ್ಟಿದ್ದೀರಿ?" ಎಂದು ಸಾಹುಕಾರರು ರೇಗಿದರು.

"ಈ ತೋಟದ ಒಂದು ಗೊಂಚಲು ಬೇರೆ ಗಾಡಿಗೆ ಹೋದ್ರೆ, ನನ್ನ ಜೋಡೆತ್ತು ಬಿಚ್ಕೊಂಡು ಹೋಗಿ ಸಾಹುಕಾರ್ರೆ. ಕುಡಿಯೋದು ತಪ್ಪು ಅಂತ ನಾನು ಹೇಳ್ತಿಲ್ಲ. ನೀವು ಕುಡೀರಿ. ಚೌರಪ್ಪನ ಎದುರಿಗೆ ನಾನು ಮುಟ್ಟಲ್ಲ, ಅಷ್ಟೆ."

ಅಷ್ಟರಲ್ಲಿ ಲೂರ್ದಮ್ಮ ಆಗಷ್ಟೇ ಹಿಂಡಿದ ದ್ರಾಕ್ಷಿ ಹಣ್ಣಿನ ರಸವನ್ನು ಚೊಂಬಿನಲ್ಲಿ ತಂದಿಟ್ಟಳು. ಚೌರಪ್ಪ ಮಗುಚಿದ ಗ್ಲಾಸನ್ನು ತಿರುಗಿಸಿ, ತುಂಬಿಸಿಕೊಂಡು, ಕೈ ನಡುಗದೆ ಎತ್ತಿ ಹಿಡಿದ.

ಮುನಿಯಲ್ಲಪ್ಪನವರು ಅವನ ಕೈಯನ್ನೇ ನೋಡುತ್ತಿದ್ದವರು ಬಾಟಲಿಗೆ ಬಿರಡೆ ಹಾಕಿದರು. "ನನ್ನ ಮೊಮ್ಮಗಳು ಕುಡಿಯೋದಯ್ಯ ಇದು," ಎಂದು ಗೊಣಗುತ್ತಲೇ ಗ್ಲಾಸು ಮುಗಿಸಿದರು. ಏಳುವ ಮುಂಚೆ ಬೆಲೆಯಲ್ಲಿ ಇನ್ನೂರು ಮುರಿದುಕೊಂಡರು. "ಕೈ ಬಿಟ್ಟ ಪದ್ಧತಿಯ ಬಾಬ್ತು," ಎಂದರು. ಇನ್ನಾಸಪ್ಪ ಅದನ್ನು ತನ್ನ ದಲ್ಲಾಳಿ ಹಣದಲ್ಲಿ ಕಳೆದುಕೊಂಡ. ಚೊಂಬಿನ ತಳದಲ್ಲಿ ಉಳಿದಿದ್ದನ್ನು ತಾನೇ ಬಗ್ಗಿಸಿಕೊಂಡ.

ಸ್ವಾಮಿಗಳು ಬದುಕಿದ್ದಷ್ಟು ವರ್ಷವೂ ಭರಣಿಗಳನ್ನು ಹೊತ್ತವನು ಇನ್ನಾಸಪ್ಪನೇ. ಊರವರು ಕಾರಣ ಕೇಳಿದರೆ, "ಸ್ವಾಮಿಗಳ ಸೊಂಟ ಸರಿಯಿಲ್ಲ," ಎನ್ನುತ್ತಿದ್ದ. ಅವರ ಸಮಾಧಿಯ ದಿನ ಶವಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವನು ಚೌರಪ್ಪ. ಹೆಜ್ಜೆ ಎಲ್ಲಿಯೂ ತಪ್ಪಲಿಲ್ಲ. ಹಿಂದೆ ನಡೆಯುತ್ತಿದ್ದ ಇನ್ನಾಸಪ್ಪ ಮನಸ್ಸಿನಲ್ಲೇ ದೇವರಿಗೆ ವಂದಿಸಿ ಲೆಕ್ಕ ಮುಗಿಸಿದ. ಹೋದದ್ದು ಇನ್ನೂರು ರೂಪಾಯಿ, ಸಂಜೆಯ ಒಂದು ಗ್ಲಾಸು. ಬಂದದ್ದು ಚೌರಪ್ಪ.