ಬಾಯಲ್ಲಿ ಒಂದು ಗುಟುಕು ನೀರು

ಹೊಳೆಯ ಈಚೆ ದಡದಲ್ಲಿ ಆಶ್ರಮ, ಅದಕ್ಕೆ ಸೇರಿದ ಒಂದು ಕಾಲೇಜು. ಆಚೆ ದಡದಲ್ಲಿ ಊರಿನ ಕಾಲೇಜು. ಹೋದ ವರ್ಷ ಇವೆರಡರ ಫುಟ್‌ಬಾಲ್ ಪಂದ್ಯ ಒಂದು ಗೋಲಿನ ತಕರಾರಿನಲ್ಲಿ ಮುರಿದು, ಹುಡುಗರು ಕೈಕೈ ಮಿಲಾಯಿಸಿದ್ದರು.

ಈ ಸಲ ಎರಡೂ ಕಡೆಯವರು ಮೊದಲೇ ಆಶ್ರಮದ ಗುರು ಶಂಭುಲಿಂಗಯ್ಯನವರ ಬಳಿ ಬಂದರು.

"ನಿಮ್ಮ ಶಿಷ್ಯರೊಬ್ಬರು ಅಂಗಳದ ಅಂಚಿನಲ್ಲಿ ನಿಂತು ವಿಡಿಯೋ ತೆಗೆಯಲಿ. ತಕರಾರು ಬಂದರೆ ಅದನ್ನೇ ನೋಡೋಣ."

ಗುರುಗಳು ಮಾರ್ತಾಂಡನನ್ನು ಕರೆದರು. ಆಶ್ರಮದ ಉತ್ಸವಗಳಿಗೆಲ್ಲ ಕ್ಯಾಮೆರಾ ಹಿಡಿಯುವವನು ಅವನೇ. ಹಿಂದೆ ಆಶ್ರಮದ ತಂಡದ ಗೋಲ್‌ಕೀಪರ್ ಆಗಿದ್ದವನೂ ಅವನೇ.

"ನೀನು ಯಾರ ಕಡೆ?"

"ಯಾರ ಕಡೆಯೂ ಅಲ್ಲ, ಗುರುಗಳೇ."

"ಅಬ್ಬಾ, ಎಷ್ಟು ಬೇಗ ಹೇಳಿಬಿಟ್ಟೆ!" ಗುರುಗಳು ತಂಬಿಗೆ ಚಾಚಿದರು. "ಒಂದು ಗುಟುಕು ಬಾಯಲ್ಲಿಟ್ಟುಕೋ. ಕೊನೆಯ ಸೀಟಿಯ ತನಕ ನುಂಗಬೇಡ, ಉಗುಳಬೇಡ."

ಆಶ್ರಮದಲ್ಲಿ ಮೌನ ಹಿಡಿದವರು ಹಾಗೆ ಮಾಡುವುದು ವಾಡಿಕೆ. ಮಾರ್ತಾಂಡನಿಗೆ ಒಳಗೊಳಗೇ ನಗು. ಇದೇನು ಮಹಾ!

ಕೆನ್ನೆ ಉಬ್ಬಿಸಿಕೊಂಡು ಅವನು ಚೆಂಡಿನ ಜೊತೆ ಜೊತೆಗೇ ಓಡಿದ. ಆಟ ಮುಗಿಯುತ್ತ ಬಂದರೂ ಒಂದು ಗೋಲೂ ಇಲ್ಲ. ಆಗ ಆಶ್ರಮದ ಹುಡುಗ ಒದ್ದ ಚೆಂಡು ಗೋಲ್‌ಕೀಪರನ ಕೈಜಾರಿ ಗೆರೆಯ ಕಡೆ ಉರುಳಿತು.

"ಗೋಲ್!"

ಗುಂಪಿನ ಹಿಂದೆ ಸಿಕ್ಕಿಕೊಂಡಿದ್ದ ರೆಫ್ರಿ ತಿರುಗಿ ನೋಡಿದ. ಕೂಗಿದವನು ಕ್ಯಾಮೆರಾದವನು. ಸರಿ, ಸೀಟಿ ಊದಿ ಗೋಲು ಕೊಟ್ಟ.

"ದಾಟಿಲ್ಲ ಸಾರ್! ನಮ್ಮ ಕೀಪರ್ ಗೆರೆ ಮೇಲೇ ಹಿಡಿದ!" ಆಚೆ ದಡದ ನಾಯಕ ಕರಿಬಸವ ಎಗರಾಡಿದ. "ವಿಡಿಯೋ ಹಾಕಿ!"

ಮಾರ್ತಾಂಡ ಕ್ಯಾಮೆರಾದಲ್ಲಿ ಒಮ್ಮೆ ಇಣುಕಿದವನೇ ಗುರುಗಳ ಬಳಿ ಓಡಿದ.

"ಗುರುಗಳೇ, ಬ್ಯಾಟರಿ ಮುಗಿದುಹೋಯಿತು ಅಂತ ಹೇಳಿಬಿಡಲೇ?"

"ಮುಗಿದಿದೆಯೇನು?"

"ಇಲ್ಲ."

"ಹಾಗಾದರೆ ತೋರಿಸು."

ಎಲ್ಲರೂ ಮುತ್ತಿಕೊಂಡರು. ಚೆಂಡು ಉರುಳುತ್ತಿದೆ, ಗೆರೆಗೆ ಇನ್ನೂ ಗೇಣು ದೂರ. ಅಷ್ಟರಲ್ಲೇ "ಗೋಲ್!" ಎಂಬ ಕೂಗು. ಆಮೇಲೆ ನೀರಿನ ಹನಿ. ಆಮೇಲೆ ಆಕಾಶ, ಒಂದು ಹದ್ದು, ಕುಣಿಯುತ್ತಿರುವ ಮಾರ್ತಾಂಡನ ಎರಡು ಪಾದ.

ಕರಿಬಸವ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ಚೆಂಡಿಗಿಂತ ಮೊದಲು ನೀನೇ ಗೋಲ್ ಹೊಡೆದಿದ್ದೀಯಲ್ಲ!"

ಎರಡೂ ಕಡೆಯವರು ಬಿದ್ದು ಬಿದ್ದು ನಕ್ಕರು. ಮಾರ್ತಾಂಡ ನಗಲಿಲ್ಲ.

"ರೆಫ್ರಿ ಸಾರ್, ನೀವು ಊದಿದ್ದು ನನ್ನ ಕೂಗಿಗೆ. ಚೆಂಡು ದಾಟಿದ್ದನ್ನು ನಾನು ನೋಡಲಿಲ್ಲ. ದಾಟಲಿ ಅಂತ ಆಸೆಪಟ್ಟೆ, ಅಷ್ಟೇ."

"ಮಾರ್ತಾಂಡಣ್ಣ, ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ವಾ!" ಅವನ ತಂಡದ ಹುಡುಗರೇ ಗೊಣಗಿದರು. ರೆಫ್ರಿ ಗೋಲು ರದ್ದು ಮಾಡಿ, ಉಳಿದ ಆಟ ಆಡಿಸಲು ಹೊರಟ.

ಮಾರ್ತಾಂಡ ಕ್ಯಾಮೆರಾವನ್ನು ಗುರುಗಳ ಮುಂದಿಟ್ಟ. "ಬೇರೆ ಯಾರಿಗಾದರೂ ಕೊಡಿ. ನಾನು ಲಾಯಕ್ಕಲ್ಲ."

ಗುರುಗಳು ತಂಬಿಗೆ ಎತ್ತಿದರು.

"ಬಾಯಿ ತೆರೆ."

ಆಟ ಮತ್ತೆ ಶುರುವಾಯಿತು. ಕರಿಬಸವ ದೂರದಿಂದಲೇ ಒದ್ದ. ಚೆಂಡು ಗಾಳಿಯಲ್ಲಿ ಬಾಗಿ, ಗೋಲ್‌ಕೀಪರನ ಬೆರಳ ತುದಿ ತಪ್ಪಿಸಿ, ಬಲೆಯನ್ನು ನಡುಗಿಸಿತು. ಆಚೆ ದಡದವರೆಲ್ಲ ಕುಣಿದರು. ಕ್ಯಾಮೆರಾ ಅಲುಗಲಿಲ್ಲ.

ಕೊನೆಯ ಸೀಟಿ ಆಯಿತು. ಮಾರ್ತಾಂಡನ ಕೆನ್ನೆ ಇನ್ನೂ ಉಬ್ಬಿಯೇ ಇತ್ತು.

"ಪೂರ್ತಿ ಸಿಕ್ಕಿತೇ?"

ಅವನು ಹೌದೆಂದು ತಲೆಯಾಡಿಸಿದ.

"ಚೆನ್ನಾಗಿತ್ತೇ?"

ಮಾರ್ತಾಂಡ ಗುಟುಕು ನುಂಗಿದ. ಮುಖ ಅರಳಿತು. "ಆಹಾ, ಗುರುಗಳೇ! ಅಂಥ ಗೋಲು ಈ ಜನ್ಮದಲ್ಲಿ ನೋಡಿರಲಿಲ್ಲ!"

"ಮತ್ತೆ ಯಾಕೆ ಕಂಬದ ಹಾಗೆ ನಿಂತಿದ್ದೀಯ?"

"ಅದು… ಅವರ ಗೋಲು."

ಗುರುಗಳು ಅವನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಕಣ್ಣಿಗೆ ಹಿಡಿದರು.

"ಸೀಟಿ ಆಯಿತಲ್ಲಪ್ಪ. ವಿಡಿಯೋ ನಾನು ತೆಗೆಯುತ್ತೇನೆ. ನೀನು ಕುಣಿ."